ಅತ್ತೆ ಬೀಳಿಸಿದ ಬೂದುಗುಂಬಳ

ಬೇರೆಯವರ ಮನೆಯಲ್ಲಿ ಸೊಸೆಯ ಕೈಜಾರಿ ಲೋಟ ಬಿದ್ದರೆ ಅತ್ತೆ ಬೈಯುತ್ತಾರೆ. ನಮ್ಮ ಮನೆಯಲ್ಲಿ ಹಾಗಿಲ್ಲ. ನಮ್ಮತ್ತೆ ಬಾಗಿಲಲ್ಲಿ ಇಣುಕಿ, "ಸರಿಯಾಗಿ ನೋಡ್ಲಿಲ್ಲ ಕಣಮ್ಮ, ಇನ್ನೊಂದ್ಸಲ ಬೀಳ್ಸು" ಅನ್ನುತ್ತಾರೆ! ಇಂಥ ಅತ್ತೆ ಸಿಕ್ಕಿದ್ದಕ್ಕೆ ನನ್ನ ಗೆಳತಿಯರಿಗೆಲ್ಲ ಹೊಟ್ಟೆಕಿಚ್ಚು. ಪಡಲಿ ಬಿಡಿ. ಲೋಟ ಬಿದ್ದಾದ ಮೇಲೆ ಅವರು ಕೇಳುವ ಪ್ರಶ್ನೆಗಳಿಗೆ ಉತ್ತರ ಹೇಳಬೇಕಾದವಳು ನಾನು ತಾನೆ? ಇದಕ್ಕಿಂತ ನಾಲ್ಕು ಬೈಗುಳವೇ ವಾಸಿ ಅನ್ನಿಸಿದ ದಿನಗಳೂ ಇವೆ.

ನಾನು ತಮಿಳುನಾಡಿನ ಗಡಿಯ ಹೊಸೂರಿನ ಒಂದು ಖಾಸಗಿ ಶಾಲೆಯಲ್ಲಿ ಒಂಬತ್ತು ಮತ್ತು ಹತ್ತನೇ ತರಗತಿಗೆ ಭೌತಶಾಸ್ತ್ರ ಕಲಿಸುತ್ತೇನೆ. ಪದವಿಯನ್ನು ಪ್ರಥಮ ದರ್ಜೆಯಲ್ಲಿ ಪಾಸು ಮಾಡಿದವಳು. ಹಾಗೆಂದರೆ ಏನರ್ಥ? ಭೌತಶಾಸ್ತ್ರ ನನಗೆ ಅರ್ಥವಾಗಿತ್ತು ಅಂತಲೇ? ಛೆ ಛೆ! ಬಾಯಿಗೆ ಬರುತ್ತಿತ್ತು ಅಂತ ಅಷ್ಟೆ. ಮದುವೆಯಾಗಿ, ಮಕ್ಕಳಾಗಿ, ಎಂಟು ವರ್ಷ ಮನೆಯಲ್ಲಿದ್ದು ಮತ್ತೆ ಕೆಲಸಕ್ಕೆ ಸೇರಿದಾಗ ಆ ಬಾಯಿಪಾಠವೂ ಅಲ್ಲಲ್ಲಿ ಸವೆದುಹೋಗಿತ್ತು. ಶಾಲೆಯವರು "ಒಂದು ವರ್ಷ ನೋಡ್ತೀವಿ, ಆಮೇಲೆ ಇಟ್ಕೊಳ್ಳೋದೋ ಬಿಡೋದೋ ಹೇಳ್ತೀವಿ" ಎಂದಿದ್ದರು. ಅದಕ್ಕೇ ನಾನು ಗೈಡನ್ನು ಎದೆಗೆ ಅವಚಿಕೊಂಡು ಹೋಗಿ, ಅದರಲ್ಲಿರುವುದನ್ನು ಬೋರ್ಡಿಗೆ ಇಳಿಸಿ, ಯಾರಾದರೂ ಕೈ ಎತ್ತುವ ಮೊದಲೇ ಬೆಲ್ಲು ಹೊಡೆಯಲಪ್ಪಾ ಎಂದು ಬೇಡಿಕೊಳ್ಳುತ್ತಿದ್ದೆ. ಅಪ್ಪಿತಪ್ಪಿ ಯಾರಾದರೂ ಕೈ ಎತ್ತಿದರೆ ನನ್ನಲ್ಲೊಂದು ಬ್ರಹ್ಮಾಸ್ತ್ರವಿತ್ತು: "ಅದು ಪೋರ್ಷನ್‌ನಲ್ಲಿ ಇಲ್ಲ!"

ನಮ್ಮತ್ತೆ ಹುಟ್ಟಿದ್ದು ಸಾನಮಾವು ಕಾಡಿನ ಅಂಚಿನ ಹಳ್ಳಿಯಲ್ಲಿ. ಓದಿದ್ದು ಆರನೇ ಕ್ಲಾಸಿನ ಅರ್ಧದವರೆಗೆ. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಸಲೀಸಾಗಿ ಜಗಳವಾಡಬಲ್ಲರು. ನಾನು ಕೆಲಸಕ್ಕೆ ಸೇರಿದ ವಾರದಲ್ಲೇ ಒಂದು ಬೆಳಿಗ್ಗೆ, ನಾನು ಬಾಯಲ್ಲಿ ಸೇಫ್ಟಿ ಪಿನ್ನು ಕಚ್ಚಿಕೊಂಡು ಸೆರಗು ಸರಿಮಾಡಿಕೊಳ್ಳುತ್ತಿದ್ದಾಗ, ಹೊರಗೆ ಶಾಲೆಯ ವ್ಯಾನು ಹಾರನ್ ಹೊಡೆಯುತ್ತಿದ್ದಾಗ, ಮೇಜಿನ ಮೇಲಿದ್ದ ನನ್ನ ಪುಸ್ತಕವನ್ನು ಸವರುತ್ತಾ ಕೇಳಿದರು:

"ಏನಮ್ಮಾ, ಇದ್ರಾಗೆ ಶಕ್ತಿ ಶಕ್ತಿ ಅಂತ ಮಕ್ಕಳಿಗೆ ಹೇಳ್ಕೊಡ್ತೀಯಲ್ಲ, ಶಕ್ತಿ ಅಂದ್ರೇನು?"

"ಕೆಲಸ ಮಾಡೋ ಸಾಮರ್ಥ್ಯ ಅತ್ತೆ."

"ಹಂಗಾರೆ ಕೆಲಸ ಅಂದ್ರೆ?"

"ಬಲ ಹಾಕಿ ಒಂದು ವಸ್ತುವನ್ನ ಸರಿಸಿದರೆ ಅದು ಕೆಲಸ. ಸರಿಯದಿದ್ದರೆ ಕೆಲಸ ಸೊನ್ನೆ."

ಅತ್ತೆ ಪಡಸಾಲೆಯ ಕಡೆ ಕಣ್ಣು ಹಾಯಿಸಿದರು. ಅಲ್ಲಿ ನಮ್ಮ ಮಾವ, ಫ್ಯಾಕ್ಟರಿಯಿಂದ ರಿಟೈರಾದವರು, ಈಜಿಚೇರಿನಲ್ಲಿ ಪೇಪರು ಹಿಡಿದು ಮಲಗಿದ್ದರು. "ಹಂಗಾರೆ ಅದು?"

"ಅದು... ವಿಜ್ಞಾನದ ಪ್ರಕಾರ ಸೊನ್ನೆ."

"ನೋಡ್ರೀ! ಇಷ್ಟು ವರ್ಷ ನಾನು ಹೇಳಿದ್ನೇ ಪುಸ್ತಕದಾಗೂ ಬರ್ದವ್ರೆ!" ಎಂದು ಗೆದ್ದ ಖುಷಿಯಲ್ಲಿ ಕೂಗಿದರು. ಆದರೆ ಆ ಖುಷಿ ಬಾಗಿಲವರೆಗೂ ಉಳಿಯಲಿಲ್ಲ. "ಇರು ಇರು. ಹಳ್ಳೀಲಿ ನಾನು ನೀರಿನ ಕೊಡ ತಲೆ ಮ್ಯಾಲೆ ಹೊತ್ಕಂಡು, ಆನೆ ದಾರಿ ಬಿಡೋಗಂಟ ಅಲ್ಲಾಡ್ದಂಗೆ ನಿಂತಿರ್ತಿದ್ದೆ. ಅದು?"

ನಾನು ಚಪ್ಪಲಿ ಮೆಟ್ಟಿಕೊಳ್ಳುತ್ತಾ ಮೆಲ್ಲಗೆ, "ಅದೂ ಸೊನ್ನೇನೇ ಅತ್ತೆ" ಎಂದೆ.

"ಅದ್ಯಾವನು ಬರ್ದಿದ್ದು? ಒಂದಿನ ಕೊಡ ಹೊತ್ಕಂಡು ನಿಂತಿದ್ನಾ ಅವನು?"

ವ್ಯಾನಿನಲ್ಲಿ ಕೂತ ಮೇಲೆ ನನಗೂ ಅದೇ ಅನುಮಾನ ಬಂತು. ಕೊಡ ಅಲ್ಲಾಡಲಿಲ್ಲ, ಸರಿ. ಮತ್ತೆ ಕತ್ತು ಯಾಕೆ ನೋಯುತ್ತದೆ? ಪ್ರಥಮ ದರ್ಜೆಯವಳಿಗೆ ಈ ಪ್ರಶ್ನೆ ಅದುವರೆಗೆ ಹೊಳೆದೇ ಇರಲಿಲ್ಲ! ಸ್ಟಾಫ್ ರೂಮಿನಲ್ಲಿ ನಾಲ್ಕು ಪುಸ್ತಕ ತಿರುವಿ, ಅಲ್ಲಾಡದೆ ನಿಂತರೂ ಕತ್ತಿನ ಸ್ನಾಯುಗಳು ಒಳಗೊಳಗೇ ಬಿಗಿದು ಸಡಿಲಾಗುತ್ತಲೇ ಇರುತ್ತವೆ, ಉಂಡ ಅನ್ನದ ಶಕ್ತಿ ಅಲ್ಲಿ ಬಿಸಿಯಾಗಿ ಖರ್ಚಾಗುತ್ತದೆ ಎಂದು ತಿಳಿದುಕೊಂಡು ಬಂದು ಸಂಜೆ ಒಪ್ಪಿಸಿದೆ. ಅತ್ತೆ "ಹಂಗೆ ಹೇಳು ಮತ್ತೆ" ಎಂದು ವಿಜ್ಞಾನವನ್ನು ಕ್ಷಮಿಸಿದರು.

ಶಕ್ತಿ ಎಂದೂ ನಾಶವಾಗುವುದಿಲ್ಲ, ರೂಪ ಬದಲಿಸುತ್ತದೆ ಅಷ್ಟೆ ಎಂದು ಹೇಳಿಕೊಟ್ಟದ್ದು ಮಾತ್ರ ನನ್ನ ದೊಡ್ಡ ತಪ್ಪು. ಮರುವಾರ ಮೀಟರು ನೋಡಲು ಬಂದವರನ್ನು ಅತ್ತೆ ಗೇಟಿನಲ್ಲೇ ತಡೆದು, "ತಂಬಿ, ಕರೆಂಟು ಎಂಗೆಯುಂ ಪೋಗಾದು!" ಎಂದು ತಮಿಳಿನಲ್ಲಿ ಶುರುಮಾಡಿದರು. ಕರೆಂಟು ಎಲ್ಲಿಗೂ ಹೋಗಿಲ್ಲ, ಬಿಸಿಯಾಗಿ ಬೆಳಕಾಗಿ ಈ ಮನೆಯಲ್ಲೇ ಸುತ್ತುತ್ತಿದೆ, ಬೇಕಾದರೆ ಹಿಡಿದುಕೊಂಡು ಹೋಗು, ಅದಕ್ಕೆ ಬಿಲ್ಲು ಯಾಕೆ ಎಂಬುದು ಅವರ ವಾದ. ಆತ ಬೆವರು ಒರೆಸಿಕೊಂಡು ಯಾರು ಹೀಗೆ ಹೇಳಿದ್ದು ಎಂದು ಕೇಳಿದರು. ಅತ್ತೆ ಹೆಮ್ಮೆಯಿಂದ ನನ್ನ ಕಡೆ ಕೈ ತೋರಿಸಿ, "ನಮ್ಮ ಸೊಸೆ, ಟೀಚರು" ಎಂದರು. ಆತ ನನ್ನನ್ನು ಬಹಳ ಹೊತ್ತು ನೋಡಿ, ಯಾವ ಶಾಲೆ ಎಂದು ವಿಚಾರಿಸಿಕೊಂಡು ಹೋದರು. ಮಗುವನ್ನು ಸೇರಿಸುವುದಕ್ಕಂತೂ ಇರಲಾರದು!

ಇನ್ನು ಗುರುತ್ವಾಕರ್ಷಣೆ. ಒಂದು ಶನಿವಾರ ಮಧ್ಯಾಹ್ನ ಅತ್ತೆ ಹಿತ್ತಲಿನಲ್ಲಿ ಮೊರ ಹಿಡಿದು ರಾಗಿ ಕೇರುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಸೋಮವಾರದ ಪಾಠವನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ. ಭಾರದ ವಸ್ತುವೂ ಹಗುರದ ವಸ್ತುವೂ ಒಂದೇ ವೇಗದಲ್ಲಿ ಬೀಳುತ್ತವೆ. ಮೊರ ನಿಂತಿತು.

"ಅಂದ್ರೆ ಆನೆನೂ ನಾನೂ ಒಟ್ಟಿಗೆ ಮಾಳಿಗೆಯಿಂದ ಬಿದ್ರೆ?"

"ಒಟ್ಟಿಗೇ ನೆಲ ಮುಟ್ತೀರ ಅತ್ತೆ."

"ಹೊಟ್ಟು ಅತ್ಲಾಗ್ ಹಾರ್ತದೆ, ರಾಗಿ ಇತ್ಲಾಗ್ ಬೀಳ್ತದೆ. ಒಂದೇ ತರ ಬೀಳೋದಾದ್ರೆ ನಾನು ನಲವತ್ತು ವರ್ಸ ಕೇರಿದ್ದು ಸುಳ್ಳಾ?"

ಗೈಡಿನಲ್ಲಿ 'ಗಾಳಿಯ ತಡೆ ಇಲ್ಲದಿದ್ದಾಗ' ಎಂಬ ಮೂರು ಪದಗಳಿದ್ದವು. ಅವನ್ನು ನಾನು ನೂರು ಸಲ ಬರೆದಿದ್ದೆ, ಬರೆಸಿದ್ದೆ. ಆದರೆ ಆ ಗಾಳಿಯ ತಡೆ ದಿನಾ ನಮ್ಮ ಹಿತ್ತಲಿನಲ್ಲಿ, ನಮ್ಮತ್ತೆಯ ಮೊರದ ತುದಿಯಲ್ಲಿ ಕೆಲಸ ಮಾಡುತ್ತಿತ್ತು ಎಂದು ನನಗೆ ಕಂಡದ್ದು ಆವತ್ತೇ. ಹೊಟ್ಟು ತೀರಾ ಹಗುರ, ಮೈಯೆಲ್ಲಾ ಹರಡಿಕೊಂಡಿರುತ್ತೆ, ಅದಕ್ಕೇ ಗಾಳಿಗೆ ಸಿಗುತ್ತೆ, ಗುಂಡಗೆ ಗಟ್ಟಿಯಾಗಿರೋ ಎರಡು ವಸ್ತು ಬೀಳಿಸಿ ನೋಡಿ, ಗೊತ್ತಾಗುತ್ತೆ ಎಂದೆ. ಹೀಗೆ ಬಾಯಿತಪ್ಪಿ ಅಂದವಳು ನಾನೇ, ಯಾರನ್ನು ದೂರಲಿ?

ಮರುದಿನ ಭಾನುವಾರ. ಅದರ ಮೇಲೆ ಅಮಾವಾಸ್ಯೆ. ಎದುರುಮನೆಯ ತಮಿಳಿನವರು ಹಿಂದಿನ ದಿನವಷ್ಟೇ ಹೊಸ ಕಾರು ತಂದು ಗೇಟಿನ ಮುಂದೆ ನಿಲ್ಲಿಸಿದ್ದರು. ನಮ್ಮತ್ತೆ ನನ್ನನ್ನು ರಸ್ತೆಯಲ್ಲಿ ನಿಲ್ಲಿಸಿ, "ಯಾವ್ದು ಮೊದ್ಲು ಬೀಳ್ತದೆ ಸರಿಯಾಗ್ ನೋಡ್ಕ" ಎಂದು ಹೇಳಿ ತಾರಸಿ ಹತ್ತಿದರು. ಮನೆಯಲ್ಲಿದ್ದ ಗುಂಡಗಿನ ಗಟ್ಟಿ ವಸ್ತುಗಳನ್ನೇ ಆರಿಸಿಕೊಂಡಿದ್ದರು. ಒಂದು ಕೈಯಲ್ಲಿ ಬೂದುಗುಂಬಳ, ಇನ್ನೊಂದು ಕೈಯಲ್ಲಿ ನಿಂಬೆಹಣ್ಣು!

ನಾನು ಬೇಡ ಎಂದು ಕೂಗುವಷ್ಟರಲ್ಲಿ ಎರಡೂ ಬಂದವು. ಒಟ್ಟಿಗೇ ಬಂದವು, ಸುಳ್ಳು ಹೇಳಬಾರದು. ಕುಂಬಳ ಢಬ್ ಎಂದು ಒಡೆದು ನಡುರಸ್ತೆಯವರೆಗೂ ಚೆಲ್ಲಿತು. ನಿಂಬೆಹಣ್ಣು ಉರುಳುರುಳಿ ಹೋಗಿ ಎದುರುಮನೆಯ ಹೊಸ ಕಾರಿನ ಚಕ್ರದ ಕೆಳಗೆ ನಿಂತಿತು.

ಅಮಾವಾಸ್ಯೆ ದಿನ, ಕುಂಬಳಕಾಯಿ, ನಿಂಬೆಹಣ್ಣು. ನಮ್ಮ ಕಡೆ ಇದಕ್ಕೆ ಅರ್ಥ ಹೇಳಿಕೊಡಲು ಟೀಚರು ಬೇಕೆ? ಎದುರುಮನೆಯಾಕೆ ಓಡಿ ಬಂದರು, ಮುಖ ಬಿಳುಚಿಕೊಂಡಿತ್ತು. ಯಾರ ದೃಷ್ಟಿ ತೆಗೆದು ನಮ್ಮ ಮನೆಯ ಮುಂದೆ ಎಸೆದಿರಿ, ಯಾರಿಗೆ ಸುತ್ತಿ ಹಾಕಿದಿರಿ ಎಂದು ತಮಿಳಿನಲ್ಲಿ ಕೇಳಿದರು. ತಾರಸಿಯ ಮೇಲಿಂದ ನಮ್ಮತ್ತೆ, "ಸುತ್ತೋದೇನಿಲ್ಲ, ನೇರಾಗ್ ಬಿಟ್ಟೆ!" ಎಂದರು. ಆಮೇಲೆ ಆಕೆಗೆ ತಿಳಿಯಲಿ ಎಂದು ಎರಡೂ ಕೈ ಮೇಲೆತ್ತಿ ತಮಿಳಿನಲ್ಲೇ ಆನಂದದಿಂದ ಸಾರಿದರು: "ರೆಂಡುಂ ಒಣ್ಣಾ ವಿಳುಂದುಚ್ಚು!" ಎರಡೂ ಒಟ್ಟಿಗೆ ಬಿದ್ದವು ಎಂಬ ಈ ಸಿಹಿಸುದ್ದಿ ಕೇಳಿ ಆಕೆ ಇನ್ನೂ ಎರಡು ಹೆಜ್ಜೆ ಹಿಂದೆ ಸರಿದರು.

ನಾನು ಗುರುತ್ವಾಕರ್ಷಣೆ ಎಂದೆ. ಅದು ಯಾವ ದೇವರು ಎನ್ನುವಂತೆ ಆಕೆ ನೋಡಿದರು. ಕೊನೆಗೆ ಒಂದು ಒಪ್ಪಂದವಾಯಿತು. ನಿಜವಾಗಿಯೂ ಇದು ಪಾಠವೇ ಆಗಿದ್ದರೆ ನಿಂಬೆಹಣ್ಣು ಬಿಟ್ಟು ಬೇರೆ ಏನನ್ನಾದರೂ ಬೀಳಿಸಿ ತೋರಿಸಬೇಕು. ಅತ್ತೆ ಎಳನೀರು ಮತ್ತು ಈರುಳ್ಳಿ ಹಿಡಿದು ಎರಡನೇ ಸಲ ತಾರಸಿ ಹತ್ತಿದರು. ಅಷ್ಟರಲ್ಲಿ ಅಕ್ಕಪಕ್ಕದ ನಾಲ್ಕು ಮನೆಯ ಹೆಂಗಸರು ಸೇರಿದ್ದರು. ಎಳನೀರು, ಈರುಳ್ಳಿ ಒಟ್ಟಿಗೇ ನೆಲ ಮುಟ್ಟಿದವು. ಹೆಂಗಸರು ಚಪ್ಪಾಳೆ ತಟ್ಟಿದರು! ಎದುರುಮನೆಯಾಕೆಯೇ ಮುಂದೆ ಬಂದು, ಹಾಗಾದರೆ ಹೂವು ಬಿಟ್ಟರೆ ಎಂದು ಕೇಳಿದರು. ಎರಡು ತಿಂಗಳಿಂದ ಪಾಠ ಮಾಡುತ್ತಿದ್ದ ನನಗೆ ಶಾಲೆಯಲ್ಲಿ ಒಬ್ಬರೂ ಚಪ್ಪಾಳೆ ತಟ್ಟಿರಲಿಲ್ಲ, ಒಬ್ಬರೂ 'ಹಾಗಾದರೆ' ಎಂದಿರಲಿಲ್ಲ.

ಇದಾದ ಸ್ವಲ್ಪ ದಿನಕ್ಕೆ ಕಾಲುವಾರ್ಷಿಕ ಪರೀಕ್ಷೆಯ ಫಲಿತಾಂಶ ಬಂತು. ನನ್ನ ವಿಷಯದಲ್ಲಿ ಅರ್ಧ ತರಗತಿ ಮುಗ್ಗರಿಸಿತ್ತು. ಪ್ರಿನ್ಸಿಪಾಲರು ಕರೆದು, ಮುಂದಿನ ತಿಂಗಳು ಆಡಳಿತ ಮಂಡಳಿಯವರು ನನ್ನ ಒಂದು ಪೀರಿಯಡ್ಡಿಗೆ ಬಂದು ಕೂರುತ್ತಾರೆ, ನನ್ನನ್ನು ಇಟ್ಟುಕೊಳ್ಳುವುದೋ ಬಿಡುವುದೋ ಆವತ್ತೇ ತೀರ್ಮಾನ ಎಂದರು. ಎಂಟು ವರ್ಷ ಕಾದು ಸಿಕ್ಕಿದ ಕೆಲಸ. ಮನೆಗೆ ಬಂದು ಉತ್ತರಪತ್ರಿಕೆಗಳ ಕಟ್ಟನ್ನು ಮೇಜಿನ ಮೇಲೆ ಎಸೆದು ಕೂತೆ.

ಅತ್ತೆ ಗೋಡೆಯ ಮುಂದೆ ನಿಂತು ಅದನ್ನು ಅಂಗೈಯಿಂದ ಒತ್ತುತ್ತಿದ್ದರು. "ಏನಮ್ಮಾ, ಎಲ್ಲಾದೂ ಪರಮಾಣು, ಅದ್ರೊಳಗೆ ಹೆಚ್ಚುಕಮ್ಮಿ ಎಲ್ಲಾ ಖಾಲಿ ಅಂದೆಯಲ್ಲ. ಗೋಡೆನೂ ಖಾಲಿ, ಕೈನೂ ಖಾಲಿ. ಮತ್ತೆ ಕೈ ಯಾಕೆ ಒಳಕ್ಕೆ ಹೋಗಲ್ಲ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದಕ್ಕೆ ಬಾಯಿ ಬರಲಿಲ್ಲ. "ನಿಮಗೆ ಇದೆಲ್ಲಾ ಯಾಕೆ ಬೇಕು ಅತ್ತೆ? ಸುಮ್ಮನೆ ಇರಬಾರದಾ?" ಎಂದುಬಿಟ್ಟೆ.

ಅತ್ತೆ ಗೋಡೆಯಿಂದ ಕೈ ತೆಗೆದರು. ಆ ಕೈಯನ್ನು ಸೆರಗಿಗೆ ಒರೆಸಿಕೊಂಡು, "ಆಯ್ತಮ್ಮ" ಎಂದು ಅಡುಗೆಮನೆಗೆ ಹೋದರು.

ಆಮೇಲೆ ಹತ್ತು ದಿನ ಪ್ರಶ್ನೆಯೇ ಇಲ್ಲ! ಬೆಳಿಗ್ಗೆ ತಿಂಡಿ, ಸಂಜೆ ಕಾಫಿ, ಎಲ್ಲ ಸರಿಯಾಗಿ ಬರುತ್ತಿತ್ತು. ಸಿಟ್ಟೂ ಇರಲಿಲ್ಲ, ಬಿಗುಮಾನವೂ ಇರಲಿಲ್ಲ. ಅವರು ಸುಮ್ಮನಿದ್ದರು ಅಷ್ಟೆ. ನೆಮ್ಮದಿಯಾಗಿ ಸೆರಗಿಗೆ ಪಿನ್ನು ಹಾಕಿಕೊಳ್ಳಬಹುದಿತ್ತು. ನನಗೋ, ಪಿನ್ನು ಕೈಗೇ ಚುಚ್ಚುತ್ತಿತ್ತು. ಹನ್ನೊಂದನೆಯ ದಿನ ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗಿ ಅರ್ಧ ಎತ್ತಿದ ಕೈಯನ್ನು, ನನ್ನ ಮುಖ ನೋಡಿ, ಮೆಲ್ಲಗೆ ಇಳಿಸಿ ಲಂಗಕ್ಕೆ ಒರೆಸಿಕೊಂಡಳು. ಅದು ನಮ್ಮತ್ತೆಯ ಕೈ. ಇಡೀ ತರಗತಿಯನ್ನು ನೋಡಿದೆ. ನಲವತ್ತು ಮಕ್ಕಳೂ ಹಾಗೇ ಸುಮ್ಮನಿದ್ದರು. ಆ ಮೌನವನ್ನು ನಾನು ಇಷ್ಟು ದಿನ ಶಿಸ್ತು ಎಂದುಕೊಂಡಿದ್ದೆ.

ಅವತ್ತು ಲೈಬ್ರರಿಯಲ್ಲಿ ಕೂತು ಓದಿ, ಮನೆಗೆ ಬಂದು ಬ್ಯಾಗೂ ಇಳಿಸದೆ ಅಡುಗೆಮನೆಯ ಬಾಗಿಲಲ್ಲಿ ನಿಂತೆ. "ಅತ್ತೆ, ಆವತ್ತು ನನಗೆ ಗೊತ್ತಿರಲಿಲ್ಲ. ಅದಕ್ಕೇ ರೇಗಿದೆ. ತಪ್ಪಾಯ್ತು. ಗೋಡೆ ವಿಷಯ ಈಗ ಗೊತ್ತಾಯ್ತು."

ಅತ್ತೆ ತಿರುಗಲಿಲ್ಲ. ಸಾರಿಗೆ ಒಗ್ಗರಣೆ ಹಾಕಿ ಮುಚ್ಚಳ ಮುಚ್ಚಿದರು. ಆಮೇಲೆ, "ಏನಂತೆ?" ಎಂದರು. ಆ ಮೂರಕ್ಷರ ಕೇಳಿ ಆದ ಸಂತೋಷ ನನಗೆ ಡಿಗ್ರಿ ಬಂದ ದಿನವೂ ಆಗಿರಲಿಲ್ಲ.

ಪರಮಾಣುವಿನ ಹೊರಗಡೆ ಎಲೆಕ್ಟ್ರಾನುಗಳಿರುತ್ತವೆ, ಅವು ಒಂದನ್ನೊಂದು ಹತ್ತಿರ ಸೇರಿಸುವುದಿಲ್ಲ, ಕೈಯಲ್ಲಿರುವುದೂ ಗೋಡೆಯಲ್ಲಿರುವುದೂ ಒಂದನ್ನೊಂದು ದೂರ ತಳ್ಳುತ್ತವೆ, ಇದರ ಹಿಂದೆ ಇನ್ನೂ ಆಳದ ನಿಯಮವಿದೆ, ಅದು ನನಗೂ ಅರ್ಧಂಬರ್ಧ ಎಂದು ಹೇಳಿದೆ.

"ಅಂದ್ರೆ ನಾನು ಗೋಡೆ ಮುಟ್ಟೇ ಇಲ್ಲ?"

"ಒಂದು ಲೆಕ್ಕದಲ್ಲಿ ಇಲ್ಲ."

"ಹಂಗಾರೆ ಮದ್ವೆ ದಿನ ನಿಮ್ಮಾವ ನನ್ನ ಕೈ ಹಿಡಿದಿದ್ದು?"

"ಅದೂ... ಅದೇ ಲೆಕ್ಕ."

"ಅಯ್ಯೋ, ಇದು ಆವತ್ತೇ ಗೊತ್ತಾಗಬಾರ್ದಿತ್ತಾ!" ಎಂದು ಹಣೆ ಚಚ್ಚಿಕೊಂಡರು. ಪಡಸಾಲೆಯಿಂದ ಮಾವನ ಕೆಮ್ಮು ಕೇಳಿಸಿತು.

ಮಂಡಳಿಯವರು ಬರುವ ದಿನಕ್ಕೆ ಗೈಡು ಬೇಡ, ಮೊರ ಸಾಕು ಎಂದು ನಾನು ತೀರ್ಮಾನಿಸಿದೆ. ಒಂದು ವಾರ ಅತ್ತೆ ನನಗೆ ಕೇರುವುದು ಕಲಿಸಿದರು. ಮಣಿಕಟ್ಟು ಹೀಗೆ, ಮೊಣಕೈ ಹಾಗೆ. ಮೊದಲ ದಿನ ರಾಗಿಯೆಲ್ಲ ನನ್ನ ತಲೆಯ ಮೇಲೆ, ಹೊಟ್ಟೆಲ್ಲ ಮೊರದಲ್ಲಿ! "ಪಸ್ಟ್ ಕ್ಲಾಸು!" ಎಂದು ನಕ್ಕರು ಅತ್ತೆ.

ತೀರ್ಮಾನದ ದಿನ ಆಡಳಿತ ಮಂಡಳಿಯ ಹಿರಿಯರೊಬ್ಬರು ಕೊನೆಯ ಬೆಂಚಿನಲ್ಲಿ ನೋಟ್‌ಬುಕ್ಕು ಬಿಚ್ಚಿ ಕೂತರು. ನಾನು ಮೊರ ಎತ್ತಿದೆ. ಮಕ್ಕಳು ಮೊದಲು ಕಿಸಕ್ಕೆಂದರು, ಆಮೇಲೆ ಎದ್ದು ನಿಂತು ನೋಡಿದರು. ಹೊಟ್ಟು ಹಾರಿತು, ಸ್ವಲ್ಪ ಹಿರಿಯರ ಕನ್ನಡಕದವರೆಗೂ ಹೋಯಿತು. ಯಾಕೆ ಹೀಗೆ ಎಂದು ಕೇಳಿದೆ. ಬೇರಿಕೆ ಹಳ್ಳಿಯ ಕಡೆಯಿಂದ ಬಸ್ಸಿನಲ್ಲಿ ಬರುವ ಅದೇ ಹುಡುಗಿ, ಕೈ ಇಳಿಸಿದವಳು, ಈ ಸಲ ಪೂರ್ತಿ ಎತ್ತಿದಳು.

"ಮಿಸ್, ಹೊಟ್ಟನ್ನ ಗಾಳಿ ತಡೀತದೆ, ಸರಿ. ಆದ್ರೆ ಭೂಮಿ ಎಲ್ಲಾನೂ ಎಳೀತದಲ್ಲಾ, ಆ ಗಾಳಿನೇ ಯಾಕೆ ಕೆಳಕ್ಕೆ ಬೀಳಲ್ಲ?"

ಬಾಯಿ ತನಗೆ ತಾನೇ 'ಪೋರ್ಷನ್' ಎನ್ನಲು ಹೊರಟಿತು. ತಡೆದುಕೊಂಡೆ. ಕೊನೆಯ ಬೆಂಚಿನಲ್ಲಿ ಪೆನ್ನು ನಿಂತಿತ್ತು. ಕೆಲಸ ಹೋದರೆ ಹೋಗಲಿ ಎಂದುಕೊಂಡು, "ನನಗೆ ಸರಿಯಾಗಿ ಗೊತ್ತಿಲ್ಲಮ್ಮ. ಬಹಳ ಒಳ್ಳೆಯ ಪ್ರಶ್ನೆ. ನೀನೂ ಯೋಚನೆ ಮಾಡು, ನಾನೂ ಹುಡುಕುತ್ತೇನೆ, ನಾಳೆ ಮಾತಾಡೋಣ" ಎಂದೆ.

ಆಮೇಲೆ ಒಂದಲ್ಲ, ಎರಡಲ್ಲ, ಹದಿನಾಲ್ಕು ಕೈಗಳು ಮೇಲೆದ್ದವು! ಬೆಲ್ಲು ಹೊಡೆದದ್ದು ಯಾರಿಗೂ ಕೇಳಿಸಲಿಲ್ಲ.

ಪೀರಿಯಡ್ಡು ಮುಗಿದ ಮೇಲೆ ಹಿರಿಯರು ಕನ್ನಡಕ ಒರೆಸಿಕೊಳ್ಳುತ್ತಾ, ಕ್ಲಾಸಿನಲ್ಲಿ ತುಂಬಾ ಗಲಾಟೆ ಎಂದರು. ನಾನು ತಲೆ ತಗ್ಗಿಸಿದೆ. "ಮುಂದಿನ ವರ್ಷವೂ ಹೀಗೇ ಇರಲಿ" ಎಂದು ಹೇಳಿ, ಕೇರುವುದನ್ನು ಯಾರು ಕಲಿಸಿದ್ದು ಎಂದು ಕೇಳಿದರು. "ನಮ್ಮತ್ತೆ" ಎಂದೆ.

ಸಂಜೆ ಮನೆಗೆ ಬಂದಾಗ ಅತ್ತೆ ತಾರಸಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ನಾನು ಮೆಟ್ಟಿಲು ಹತ್ತಿ ಹೋಗಿ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಈ ಕೆಲಸ ನನಗೆ ಉಳಿದದ್ದು ನಿಮ್ಮಿಂದ, ನನಗೆ ಪಾಠ ಮಾಡಲು ಕಲಿಸಿದವರು ನೀವು ಎಂದೆ. ಅತ್ತೆ ಅದೊಂದನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ.

"ಗೊತ್ತಿಲ್ಲ ಅಂದ್ಯಾ? ಎಲ್ಲಾರ ಮುಂದೆ? ಆ ಮಗೀಗೆ ಬೈಲಿಲ್ವಾ?"

"ಇಲ್ಲ ಅತ್ತೆ. ಯಾಕೆ ಬೈಯಲಿ?"

ಅವರು ಕೈಯಲ್ಲಿದ್ದ ಟವೆಲನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. "ನಾನು ಆರ್ನೇ ಕ್ಲಾಸಾಗೆ ಒಂದ್ಸಲ ಕೇಳಿದ್ದೆ ಕಣಮ್ಮ. ಭೂಮಿ ಎಲ್ಲಾನೂ ಎಳ್ಕಂತದೆ ಅಂದ್ರು ಮೇಷ್ಟ್ರು. ಹಂಗಾರೆ ಚಂದ್ರ ಯಾಕೆ ಬೀಳಲ್ಲ ಸಾ ಅಂದೆ. ಎಲ್ಲಾ ನಕ್ಬುಟ್ರು. ತಲೆಹರಟೆ ಅಂತ ಬೆಲ್ಲು ಹೊಡಿಯೋಗಂಟ ಬಿಸಿಲಾಗೆ ನಿಲ್ಸಿದ್ರು. ಸಂತೇಲಿ ನಮ್ಮಪ್ಪ ಸಿಕ್ದಾಗ, ನಿನ್ ಮಗಳಿಗೆ ಓದು ಹತ್ತಲ್ಲ ಅಂದ್ರಂತೆ. ಮಾರ್ನೇ ದಿನದಿಂದ ನಾನು ದನದ ಹಿಂದೆ. ಆಮ್ಯಾಕೆ ಯಾರ್ನೂ ಏನೂ ಕೇಳ್ಲಿಲ್ಲ. ನೀನು ಪುಸ್ತಕ ಹಿಡ್ಕಂಡು ಮನೇಲಿ ಓಡಾಡ್ತಿದ್ಯಲ್ಲ, ಈ ಹುಡುಗೀನ ಕೇಳ್ಬೋದೇನೋ ಅನ್ನಿಸ್ತು."

ಐವತ್ತು ವರ್ಷದ ಮೇಲೆ ಬಾಯಿಬಿಟ್ಟವರಿಗೆ ಸುಮ್ಮನಿರಿ ಎಂದವಳು ನಾನು. ನನಗೆ ಅವರ ಮುಖ ನೋಡಲಾಗಲಿಲ್ಲ. ಪೂರ್ವಕ್ಕೆ ತೊರಪಲ್ಲಿ ಅಗ್ರಹಾರದ ದಿಕ್ಕಿನಲ್ಲಿ, ಇನ್ನೂ ಬೆಳಕಿರುವಾಗಲೇ, ದೊಡ್ಡ ಚಂದ್ರ ಮೂಡಿದ್ದ.

"ಅದು ಬೀಳ್ತಾನೇ ಇದೆ ಅತ್ತೆ" ಎಂದೆ.

"ಏನಂದೆ?"

"ಚಂದ್ರ ಬೀಳ್ತಾನೇ ಇದೆ. ಕವಣೆ ಕಲ್ಲು ನೋಡಿದೀರಲ್ಲ, ಜೋರಾಗಿ ಬೀಸಿದಷ್ಟೂ ದೂರ ಹೋಗಿ ಬೀಳುತ್ತೆ. ಚಂದ್ರ ಅದಕ್ಕಿಂತ ಎಷ್ಟೋ ಜೋರಾಗಿ ಪಕ್ಕಕ್ಕೆ ಹೋಗ್ತಾ ಬೀಳ್ತಿದೆ. ಭೂಮಿ ಗುಂಡಗಿದೆ. ಅದು ಬೀಳುವಷ್ಟರಲ್ಲಿ ನೆಲ ಬಾಗಿ ದೂರ ಹೋಗಿರುತ್ತೆ. ಅದಕ್ಕೇ ಸುತ್ತುತ್ತಾ ಇದೆ."

ಅತ್ತೆ ಚಂದ್ರನ ಕಡೆ ತಿರುಗಿದರು.

"ಹಂಗಾರೆ ನಾನು ಕೇಳಿದ್ದು ತಲೆಹರಟೆ ಅಲ್ಲ?"

"ಅಲ್ಲ ಅತ್ತೆ. ಗುರುತ್ವಾಕರ್ಷಣೆ ಕಂಡುಹಿಡಿದ ಆ ಇಂಗ್ಲಿಷಿನವನು ಕೇಳಿಕೊಂಡಿದ್ದೂ ಇದೇ ಪ್ರಶ್ನೇನೇ."

"ಅವನ್ನೂ ಬಿಸಿಲಾಗೆ ನಿಲ್ಸಿದ್ರಾ?"

"ಇಲ್ಲ."

ಅತ್ತೆ ಮಡಿಸಿದ ಟವೆಲಿನಿಂದ ಕಣ್ಣು ಒರೆಸಿಕೊಂಡರು.

"ಒಳ್ಳೇದಾಯ್ತು ಬಿಡು" ಎಂದರು. "ಅವನಾದ್ರೂ ಓದ್ಕಂಡ."